ಮೂರನೆಯ ದಿನದ ಎಣ್ಣೆ

ಅಪ್ಪ ಕಾದ ಕಡಾಯಿಯ ಮುಂದೆ ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇಳಕಲ್ಲಿನ ಮಗ್ಗದ ಓಣಿಯ ತಿರುವಿನಲ್ಲಿ ನಮ್ಮದೊಂದು ಮಿರ್ಚಿ ಭಜಿಯ ಅಂಗಡಿ. ಅಲ್ಲಿರುವ ಒಂದೇ ಸ್ಟೂಲಿನ ಮೇಲೆ ಗಿರಾಕಿ ಕೂರಬಹುದು, ಹಿಟ್ಟಿನ ಬೋಗುಣಿ ಕೂರಬಹುದು, ಕರಿಯುವವನು ಕೂರಬಾರದು. ಎಣ್ಣೆ ಕಾದಿರುವಾಗ ಕೂತವನು ಎಂದಾದರೊಂದು ದಿನ ಸುಟ್ಟುಕೊಳ್ಳುತ್ತಾನೆ ಎಂಬುದು ಅಪ್ಪನ ನಿಯಮ. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ, ಮಗ್ಗಗಳ ಸದ್ದು ನಿಂತು ಜನ ಚಹಾಕ್ಕೆ ಹೊರಬೀಳುವ ಇಳಿಮಧ್ಯಾಹ್ನದಲ್ಲಿ, ಅಪ್ಪ ಬೋಗುಣಿಯನ್ನು ನೆಲಕ್ಕಿಳಿಸಿ ಆ ಸ್ಟೂಲಿನ ಮೇಲೆ ಕೂತ. ಕಡಾಯಿಯಲ್ಲಿ ಹತ್ತು ಹನ್ನೆರಡು ಮಿರ್ಚಿ ತೇಲುತ್ತಿದ್ದವು. ಅವನ್ನು ಅವನು ತಿರುವಲಿಲ್ಲ.

ನಾನು ಪಕ್ಕದಲ್ಲಿ ಮೆಣಸಿನಕಾಯಿ ಸೀಳುತ್ತಿದ್ದೆ. ಆಹಾರ ವಿಜ್ಞಾನದ ಸ್ನಾತಕೋತ್ತರ ಪರೀಕ್ಷೆ ಮುಗಿಸಿ ಧಾರವಾಡದಿಂದ ಬಂದು ಹತ್ತು ದಿನವಾಗಿತ್ತು.

"ಯಾಕಪ್ಪ, ಏನಾತು?"

"ಏನಿಲ್ಲ. ಎದಿ ಉರ್ಯಾಕ ಹತ್ತೇತಿ. ಮಧ್ಯಾಹ್ನದ ಬದನಿಕಾಯಿ ಖಾರ ಆಗಿತ್ತು. ನೀ ಅವನ್ನ ತಿರುವು, ಕರಕ ಆಗ್ತಾವ."

ನಾನು ತಿರುವಿದೆ. ಇದನ್ನೂ ಬರೆಯಬೇಕು. ನನ್ನ ಅಪ್ಪನ ಹೃದಯಕ್ಕೆ ರಕ್ತ ಹೋಗುವ ದಾರಿ ಮುಚ್ಚಿಕೊಳ್ಳುತ್ತಿದ್ದಾಗ ನಾನು ತೂತಿನ ಸೌಟು ಹಿಡಿದು, ಮಿರ್ಚಿಗಳು ಎರಡೂ ಮಗ್ಗುಲು ಒಂದೇ ಬಣ್ಣಕ್ಕೆ ಬರಲೆಂದು ಕಾಯುತ್ತಿದ್ದೆ. ಎದುರು ನಿಂತಿದ್ದ ನೇಕಾರನೊಬ್ಬ ನಕ್ಕ.

"ಏನ್ ಕಾಕಾ, ಮಗಳಿಗೆ ಅಂಗಡಿ ಬರದು ಕೊಟ್ಟೇನು? ಕುಂತ ಬಿಟ್ಟೀ?"

"ಕಲ್ತಾಕಿ ಕೈಯಾಗಿನ ಮಿರ್ಚಿ ತಿನ್ನು. ಸರ್ಟಿಫಿಕೇಟ್ ಜೋಡಿ ಕೊಡ್ತಾಳ," ಅಂದ ಅಪ್ಪ. ಹಾಗೆನ್ನುತ್ತಲೇ ಎಡಗೈಯಿಂದ ದವಡೆ ಹಿಡಿದುಕೊಂಡ. "ದವಡಿ ಯಾಕ ಜಗ್ಗಿದಂಗ ಆಗೇತಿ ನೋಡು."

ಒಲೆ ಆರಿಸಿದ್ದು ಆಗ. ಊರಿನ ದವಾಖಾನೆಯಲ್ಲಿ ಕಾಗದದ ಮೇಲೆ ಹೃದಯದ ಗೆರೆಗಳನ್ನು ತೆಗೆದ ವೈದ್ಯರು ನನ್ನನ್ನು ನೋಡಲಿಲ್ಲ, ಕಾಗದವನ್ನೇ ನೋಡುತ್ತ ಒಂದು ಗುಳಿಗೆ ಅಗಿಯಲು ಕೊಟ್ಟು, ಆಂಬುಲೆನ್ಸಿಗೆ ಫೋನು ಮಾಡಿ, ಬಾಗಲಕೋಟೆಗೆ ಕೊಂಡೊಯ್ಯಿರಿ ಎಂದರು. ಹುನಗುಂದ ದಾಟಿತು; ಅಮೀನಗಡ, ಕಮತಗಿ ದಾಟಿದವು. ನೂರು ಸಲ ಬಸ್ಸಿನಲ್ಲಿ ಓಡಾಡಿದ ದಾರಿ ಅದು. ಆ ದಿನ ಪ್ರತಿಯೊಂದು ಉಬ್ಬಿಗೂ ಅವನ ಮುಖ ನೋಡಿದೆ. ಅವ್ವ ಅವನ ಅಂಗಾಲು ತಿಕ್ಕುತ್ತ ಕೂತಿದ್ದಳು. ಕಮತಗಿಯ ಹತ್ತಿರ ಅಪ್ಪ ಕಣ್ಣು ತೆರೆದ. ಏನಾದರೂ ಕೊನೆಯ ಮಾತು ಹೇಳುತ್ತಾನೇನೋ ಎಂದು ನಾನು ಬಾಗಿದೆ.

"ಕಡಾಯಾಗಿನ ಎಣ್ಣಿ ಮುಚ್ಚಿಲ್ಲ. ಎರಡನೇ ದಿನದ್ದದು. ನಾಳೆ ಅದನ್ನ ಗಿರಾಕಿಗೆ ಹಾಕಬ್ಯಾಡ್ರಿ."

"ನಾ ಮನಿಗೆ ತರಿಸ್ತೇನಿ, ನೀ ಸುಮ್ಮ ಮಲ್ಕೋ," ಎಂದಳು ಅವ್ವ.

ಆ ಮಾತು ನನ್ನ ಕಿವಿಗೆ ಬಿತ್ತು. ತಲೆಗೆ ಹೋಗಲಿಲ್ಲ.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ಮುಚ್ಚಿದ ರಕ್ತನಾಳವನ್ನು ತೆರೆದು ಸ್ಟೆಂಟ್ ಕೂರಿಸಿದರು. ಅಪ್ಪ ಬದುಕಿದ. ವೈದ್ಯರು ಪರದೆಯ ಮೇಲೆ ನಾಳದ ಚಿತ್ರ ತೋರಿಸಿದಾಗ, ಕವಲೊಡೆದ ಬೇರಿನಂಥ ಆ ಗೆರೆಗಳಲ್ಲಿ ಒಂದು ನಡುವೆಯೇ ಕಾಣೆಯಾಗಿತ್ತು. ಮುಂದೆ ಖಾಲಿ. ಆ ಖಾಲಿ ಜಾಗ ಇಂದಿಗೂ ಕಣ್ಣು ಮುಚ್ಚಿದರೆ ಬರುತ್ತದೆ.

"ಮನ್ಯಾಗ ಅಡಗಿಗೆ ಯಾವ ಎಣ್ಣಿ?" ಎಂದು ವೈದ್ಯರು ಕೇಳಿದರು.

"ಚಲೋ ಎಣ್ಣಿನ ರಿ," ಎಂದ ಅವ್ವ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು.

ನಾನು ಕೇಳಿದ್ದು ಬೇರೆ. ಇದಕ್ಕೆ ಯಾರು ಕಾರಣ ಎಂದು ಕೇಳಿದೆ. ಏನು ಕಾರಣ ಎಂದಲ್ಲ. ವೈದ್ಯರು ಚಿತ್ರವಿದ್ದ ಪರದೆಯನ್ನು ಆರಿಸಿದರು. "ಎಣ್ಣಿ ಒಂದಽ ಅಂತ ನಾ ಹೇಳಂಗಿಲ್ಲವಾ. ಸಕ್ಕರಿ ಕಾಯಿಲಿ ಐತಿ, ಬಿ.ಪಿ. ಐತಿ, ಇಷ್ಟ ವರ್ಷ ಬೆಂಕಿ ಮುಂದ ನಿಂತಾರ. ಆದ್ರ ಎಣ್ಣಿ ನಮ್ಮ ಕೈಯಾಗಿಂದು. ಬದಲಿ ಮಾಡ್ರಿ, ಕಡಿಮಿ ಮಾಡ್ರಿ. ಒಮ್ಮೆ ಕರದದ್ದನ್ನ ಮತ್ತ ಮತ್ತ ಕಾಸಬ್ಯಾಡ್ರಿ."

ಭಯಕ್ಕೆ ಒಂದು ಗುಣವಿದೆ: ಅದು ಸುಮ್ಮನೆ ಕೂರಲಾರದೆ ಸಿಟ್ಟಾಗಲು ನೋಡುತ್ತದೆ. ಅಪ್ಪ ಮನೆಗೆ ಬಂದ ಮೂರನೆಯ ದಿನ ನಾನು, ನಮ್ಮ ಅಂಗಡಿಗೆ ಬಿಡಿ ಎಣ್ಣೆ ಕೊಡುವ ಸಗಟು ವ್ಯಾಪಾರಿಯ ಮುಂದೆ ನಿಂತೆ. ಅವನ ಗೋದಾಮಿನಲ್ಲಿ ಗೋಡೆಯುದ್ದಕ್ಕೂ ಹೆಸರಿಲ್ಲದ ಟಿನ್ನುಗಳು. ಯಾವ ಬೀಜದ ಎಣ್ಣೆ, ಯಾವಾಗ ತಯಾರಾದದ್ದು, ಏನು ಬೆರೆತಿದೆ ಎಂಬ ಒಂದು ಅಕ್ಷರವೂ ಅವುಗಳ ಮೇಲಿರಲಿಲ್ಲ.

"ಇದು ಯಾವ ಎಣ್ಣಿರಿ?"

"ಕರಿಯೂ ಎಣ್ಣಿ, ತಂಗಿ."

"ಪಾಮ್ ಎಣ್ಣಿಯೋ, ಹತ್ತಿಕಾಳಿನ ಎಣ್ಣಿಯೋ, ಎರಡೂ ಕೂಡಿಸಿದ್ದೋ? ಬರದು ಕೊಡ್ರಿ. ತಿನ್ನವರಿಗೆ ತಿಳೀಬೇಕು."

ಅವನು ತೂಕದ ಯಂತ್ರದ ಮೇಲಿನ ಧೂಳು ಒರೆಸಿದ. "ಸಾಲಿ ಭಾಳ ಕಲಿಸಿದ್ರ ಹಿಂಗಽ. ನಿಮ್ಮಪ್ಪ ಇಪ್ಪತ್ತು ವರ್ಷ ಒಯ್ದಾನ, ಒಂದು ದಿನ ಕೇಳಿಲ್ಲ. ಅಂವನ ಮಿರ್ಚಿ ತಿಂದು ಯಾವನರ ಬಿದ್ದಾನೇನು?"

"ನಮ್ಮಪ್ಪ ಬಿದ್ದಾನ."

ಅವನ ಕೈ ನಿಂತಿತು. ದನಿ ತಗ್ಗಿಸಿ, ಬಹುಶಃ ಮರುಕದಿಂದಲೇ ಹೇಳಿದ: "ನಾ ಚೀಟಿ ಅಂಟಸ್ಬೇಕು, ಖರೆ. ಅದು ನನ್ನ ತಪ್ಪು. ಆದ್ರ ಒಂದು ಮಾತು ಕೇಳು. ನಿಮ್ಮಪ್ಪನ ಗಿರಾಕಿಗೆ ಎರಡು ದಿನದ ಮ್ಯಾಲಿನ ಎಣ್ಣಿ ಗೊತ್ತಿಲ್ಲ, ಅದು ಊರಿಗೇ ಗೊತ್ತೈತಿ. ಹಂಗಾದ್ರ ಮೂರನೇ ದಿನದ್ದು ಎಲ್ಲಿಗೆ ಹೋಕ್ಕೇತಿ? ಮನ್ಯಾಗ ಕೇಳು."

ಮನೆಯಲ್ಲಿ ಕೇಳುವ ಅಗತ್ಯವಿರಲಿಲ್ಲ. ಉತ್ತರ ನನಗೆ ಬಾಲ್ಯದಿಂದ ಗೊತ್ತಿತ್ತು. ಮಗ್ಗದ ಓಣಿಯ ಬಿಸಿಲಲ್ಲಿ ಮನೆಯ ಕಡೆ ನಡೆದೆ.

ಮೂರನೆಯ ದಿನದ ಎಣ್ಣೆಯನ್ನು ಗಿರಾಕಿಗೆ ಹಾಕಿದರೆ ಪಾಪ ಎಂದು ಅಪ್ಪ ನಂಬಿದ್ದ. ಅದು ಅವನ ಅಂಗಡಿಯ ಹೆಸರು, ಮರ್ಯಾದೆ. ಹುನಗುಂದದಿಂದ ಬಂದವರೂ ಅಲ್ಲಿ ಬಸ್ಸಿಳಿದು ಎರಡು ಮಿರ್ಚಿ ತಿಂದೇ ಮುಂದೆ ಹೋಗುತ್ತಿದ್ದುದು ಆ ನಂಬಿಕೆಯ ಮೇಲೆ. ಆದರೆ ಎಣ್ಣೆಯನ್ನು ಚೆಲ್ಲುವುದೂ ಅವನಿಗೆ ಪಾಪವೇ. ಎಣ್ಣೆ ಚೆಲ್ಲಿದ ಮನೆಗೆ ಶನಿ ಕಾಲಿಡುತ್ತಾನೆ ಎಂದು ಅವನಿಗೆ ಅವನ ಅವ್ವ ಹೇಳಿದ್ದಳು. ಮಾರಬಾರದು, ಚೆಲ್ಲಬಾರದು, ಉಳಿದ ದಾರಿ ಒಂದೇ. ಎರಡನೆಯ ದಿನದ ಕೊನೆಗೆ ಅವನು ಎಣ್ಣೆಯನ್ನು ಬಿಳಿಯ ಧೋತರದ ತುಂಡಿನಲ್ಲಿ ಸೋಸಿ, ಕರಕಲು ಹಿಟ್ಟನ್ನೆಲ್ಲ ತೆಗೆದು, ಒಂದು ಸ್ಟೀಲಿನ ಕ್ಯಾನಿಗೆ ತುಂಬುತ್ತಿದ್ದ. ಶಾಲೆಯಿಂದ ಬರುವ ದಾರಿಯಲ್ಲಿ ಆ ಕ್ಯಾನನ್ನು ಮನೆಗೆ ಒಯ್ಯುವುದು ನನ್ನ ಕೆಲಸ. ತುಳುಕದಂತೆ ನಡೆಯುವುದನ್ನು ಕಲಿತಿದ್ದೆ. ತುಳುಕಿಸದೆ ತಂದದ್ದಕ್ಕೆ ಅವ್ವ ಬೆಲ್ಲ ಕೊಡುತ್ತಿದ್ದಳು.

ಆ ಎಣ್ಣೆಯಲ್ಲೇ ನಮ್ಮ ಬದನೆಕಾಯಿ ಪಲ್ಯ, ಒಗ್ಗರಣೆ, ಹಬ್ಬದ ಹೋಳಿಗೆಯ ತವೆ. ಅದರಲ್ಲಿ ಮೆಣಸಿನಕಾಯಿಯ, ಅಜವಾನದ ಕಮ್ಮನೆಯ ಘಾಟು ಉಳಿದಿರುತ್ತಿತ್ತು. ಧಾರವಾಡದ ಹಾಸ್ಟೆಲಿನಲ್ಲಿ ಎಲ್ಲ ಊಟವೂ ನನಗೆ ಸಪ್ಪೆಯೆನ್ನಿಸಿ, ಮನೆಯ ರುಚಿ ಬೇರೆಯೇ ಎಂದು ಗೆಳತಿಯರ ಮುಂದೆ ಜಂಬ ಪಟ್ಟದ್ದುಂಟು. ಆ ರುಚಿ ಯಾವುದೆಂದು ನನಗೆ ಆ ಬಿಸಿಲಲ್ಲಿ ತಿಳಿಯಿತು. ಎಣ್ಣೆಯನ್ನು ಕಾಯಿಸಿ, ಆರಿಸಿ, ಮತ್ತೆ ಕಾಯಿಸಿದಾಗಲೆಲ್ಲ ಅದು ಗಾಳಿ, ನೀರು, ಬಿಸಿಗಳ ಕೈಗೆ ಸಿಕ್ಕು ಒಡೆಯುತ್ತದೆ. ಬಣ್ಣ ಕಂದುತ್ತದೆ, ಅಂಟಾಗುತ್ತದೆ, ಬೇಗ ಹೊಗೆಯಾಡುತ್ತದೆ. ರಕ್ತನಾಳಗಳಿಗೆ ಒಗ್ಗದ ವಸ್ತುಗಳು ಅದರಲ್ಲಿ ಹುಟ್ಟುತ್ತವೆ. ಬಟ್ಟೆಯಲ್ಲಿ ಸೋಸಿದರೆ ಕರಕು ಹೋಗುತ್ತದೆ, ಆ ವಸ್ತುಗಳು ಹೋಗುವುದಿಲ್ಲ. ಇದೇ ವಿಷಯದ ಪ್ರಶ್ನೆಗೆ ನಾನು ಪರೀಕ್ಷೆಯಲ್ಲಿ ನಾಲ್ಕು ಪುಟ ಉತ್ತರ ಬರೆದಿದ್ದೆ. ಬರೆಯುವಾಗ ಒಂದು ಸಲವೂ ನಮ್ಮ ಅಡುಗೆಮನೆಯ ಆ ಕ್ಯಾನು ಕಣ್ಣೆದುರು ಬಂದಿರಲಿಲ್ಲ.

ಅಂದು ಅಡುಗೆಮನೆಗೆ ಹೋಗಿ ಕ್ಯಾನಿನ ಮುಚ್ಚಳ ತೆಗೆದೆ. ಆಂಬುಲೆನ್ಸಿನಲ್ಲಿ ಕೊಟ್ಟ ಮಾತಿನಂತೆ ಅವ್ವ ತರಿಸಿದ್ದಳು, ತುಂಬಿತ್ತು. ಕಾಕಂಬಿಯ ಬಣ್ಣ. ಅದರಲ್ಲಿ ನನ್ನ ಮುಖ ಕಂಡಿತು.

"ಅವ್ವಾ, ಇದನ್ನ ಇನ್ನ ಬಳಸಬಾರದು."

"ನಿಮ್ಮಪ್ಪಗ ಬ್ಯಾರೆ ಮಾಡಾಕ ಹತ್ತೇನಲ್ಲ."

"ಯಾರಿಗೂ ಬ್ಯಾಡ."

"ಆತವಾ," ಎಂದಳು. ಆ ಒಪ್ಪಿಗೆ ಇಷ್ಟು ಸುಲಭವಾಗಿ ಬಂದದ್ದು ನನಗೆ ಅನುಮಾನ ತರಬೇಕಿತ್ತು. ತರಲಿಲ್ಲ. ಕೆಲಸ ಮುಗಿಯಿತು ಎಂದುಕೊಂಡೆ.

ಕಮತಗಿಯಲ್ಲಿ ಮರದ ಗಾಣ ಇಟ್ಟುಕೊಂಡಿರುವ ವೃದ್ಧರೊಬ್ಬರಿದ್ದಾರೆ. ಎತ್ತಿನ ಬದಲು ಈಗ ಮೋಟಾರು ತಿರುಗಿಸುತ್ತದೆ. ಎಲ್ಲರಿಗೂ ಅವರು ಚಾಚಾ. ಕುಸುಬಿ ಎಣ್ಣೆ ಕೇಳಿದೆ. ಅಪ್ಪನ ಕಥೆ ಹೇಳಿ, ಮಿರ್ಚಿಯನ್ನೂ ಇದರಲ್ಲೇ ಕರಿಸುತ್ತೇನೆ ಎಂದೆ.

"ಯಾವ ಸಾಲ್ಯಾಗ ಹೇಳಿಕೊಟ್ರು ನಿನಗ?" ಎಂದರು ಚಾಚಾ. "ಗಾಣದ ಕುಸುಬಿ ಎಣ್ಣಿ ಉರಿ ತಡ್ಯಾಂಗಿಲ್ಲ. ಇದು ರೊಟ್ಟಿ ಮ್ಯಾಲೆ, ಚಟ್ನಿ ಹಿಂಡಿ ಮ್ಯಾಲೆ ಹಸೀದ ಹಾಕ್ಕೊಳ್ಳೂದು. ಕರ್ಯಾಕ ಶೇಂಗಾ ಎಣ್ಣಿ ಒಯ್ಯಿ, ಸ್ವಲ್ಪ ಹಾಕು, ಅವತ್ತಿಂದು ಅವತ್ತಽ ಮುಗಿಸು."

"ಇದು ಎದಿಗೆ ಚಲೋ ಅಲ್ರಿ ಚಾಚಾ?"

"ನಾ ಎಣ್ಣಿ ಮಾರ್ತೇನಿ, ಔಷಧ ಮಾರಂಗಿಲ್ಲ. ಚಲೋದೈತಿ ಅಂತ ತಂಬಗಿಗಟ್ಟಲೆ ಸುರುವಿಕೊಂಡ್ರ ಇದೂ ಬಿಡಾಂಗಿಲ್ಲ."

ನನ್ನ ಪದವಿಗಿಂತ ಹೆಚ್ಚಿನದನ್ನು ಒಂದು ಗಾಣದ ಮನೆಯಲ್ಲಿ ಕಲಿತು ಬಂದೆ. ನಮ್ಮ ಊಟಕ್ಕೆ ಬೇಕಾದದ್ದು ನಮ್ಮಲ್ಲಿಯೇ ಇತ್ತು: ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು, ಅವುಗಳ ಮೇಲೆ ಒಂದು ಚಮಚ ಹಸಿ ಕುಸುಬಿ ಎಣ್ಣೆ, ಬಿಸಿ ಜೋಳದ ರೊಟ್ಟಿ, ಬೇಯಿಸಿದ ಕಾಳು. ಬಿಡಿ ಟಿನ್ನಿನ ವ್ಯಾಪಾರವೇ ಅವನ್ನು ನಮ್ಮ ತಟ್ಟೆಯ ಅಂಚಿಗೆ ತಳ್ಳಿತ್ತು. ಅಪ್ಪ ಮೊದಲ ತುತ್ತಿಗೇ ಮುಖ ಕಿವುಚಿದ. "ಇದು ದವಾಖಾನಿ ಊಟ," ಎಂದ. ಆದರೂ ಉಂಡ. ನಾನು ಅವನ ಪ್ರತಿ ತುತ್ತನ್ನೂ ನೋಡುತ್ತಿದ್ದೆ. ಅವನು ಕೆಮ್ಮಿದರೆ ಓಡಿ ಬರುತ್ತಿದ್ದೆ, ಅವನು ಸುಮ್ಮನಿದ್ದರೆ ಇನ್ನೂ ಬೇಗ ಓಡಿ ಬರುತ್ತಿದ್ದೆ.

ತಪ್ಪು ದಿಕ್ಕಿಗೆ ನೋಡುತ್ತಿದ್ದೆ.

ಎರಡು ತಿಂಗಳ ಬಳಿಕ, ಅಪ್ಪ ಬದುಕಿದ್ದಕ್ಕೆ ಹೊತ್ತ ಹರಕೆ ತೀರಿಸಲು ಅವ್ವ ನನ್ನನ್ನು ಕರೆದುಕೊಂಡು ಮಹಾಕೂಟಕ್ಕೆ ಹೊರಟಳು. ಹೊಂಡದಲ್ಲಿ ಕಾಲು ತೊಳೆದು ಮೇಲೆ ಬರುವಾಗ ಮೂರನೆಯ ಮೆಟ್ಟಿಲಲ್ಲಿ ನಿಂತಳು. ನಾನು ನಾಲ್ಕು ಮೆಟ್ಟಿಲು ಮುಂದಿದ್ದೆ. ಹಿಂದಿರುಗಿ ನೋಡಿದರೆ ಬಾಯಿ ತೆರೆದು ಉಸಿರಾಡುತ್ತಿದ್ದಳು. ಒಂದು ಕೈ ಕಲ್ಲಿನ ಮೇಲೆ, ಇನ್ನೊಂದು ಎದೆಯ ಮೇಲೆ.

"ಏನಿಲ್ಲವಾ. ಬಿಸಿಲು."

ಏನಿಲ್ಲ ಎಂಬ ಮಾತನ್ನು ಆ ದನಿಯಲ್ಲಿ ನಾನು ಒಮ್ಮೆ ಕೇಳಿದ್ದೆ. ಈ ಸಲ ಯಾವ ಮಿರ್ಚಿಯನ್ನೂ ತಿರುವುತ್ತ ನಿಲ್ಲಲಿಲ್ಲ. ಪೂಜೆಯ ಕಾಯಿ ಹಾಗೆಯೇ ಚೀಲದಲ್ಲಿತ್ತು. ಸಿಕ್ಕ ಆಟೋದಲ್ಲಿ ಬಾದಾಮಿಗೆ ಕರೆದೊಯ್ದೆ. ಅಲ್ಲಿಯ ದವಾಖಾನೆಯಲ್ಲಿ ಗೆರೆಗಳ ಕಾಗದ ಹೊರಬರುವವರೆಗೆ ನಾನು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಗೆರೆಗಳು ಸರಿಯಿದ್ದವು. ರಕ್ತದ ವರದಿ ಸರಿಯಿರಲಿಲ್ಲ. ಅವಳ ರಕ್ತದಲ್ಲಿನ ಕೊಬ್ಬು ಅಪ್ಪನದಕ್ಕಿಂತ ಹೆಚ್ಚಿತ್ತು. ಅಲ್ಲಿಯ ವೈದ್ಯೆ ಸಮಾಧಾನದಿಂದಲೇ ಕೇಳಿದರು: "ಅಡಗಿಗೆ ಯಾವ ಎಣ್ಣಿ ಬಳಸ್ತೀರಿ, ಅಮ್ಮಾ?"

"ಗಾಣದ್ದು," ಎಂದೆ ನಾನು, ಅವಳ ಪರವಾಗಿ.

ಅವ್ವ ನನ್ನ ಕಡೆ ನೋಡಲಿಲ್ಲ. "ಅದು ನಿಮಗವಾ. ನಂದು ಕ್ಯಾನಿನಾಗಿಂದು."

"ಅವ್ವಾ."

"ಚೆಲ್ಲಾಕ ಬರ್ತೈತೇನು? ಮನಿಗೆ ಶನಿ ಕರೀಲೇನು, ನಿಮ್ಮಪ್ಪ ಈಗ ಎದ್ದ ಕುಂತಾನ. ಒಬ್ಬಾಕಿನ ಉಂಡು ಮುಗಿಸಿದ್ರ ಆತು ಅಂದ್ಕೊಂಡೆ. ತಳಕ್ಕ ಬಂದಿತ್ತು, ಇನ್ನ ನಾಲ್ಕು ದಿನದ್ದು."

ಅವಳು ಎರಡು ತಿಂಗಳಿಂದ ನಮ್ಮಿಬ್ಬರ ಊಟವಾದ ಮೇಲೆ, ತನ್ನ ಪಾಲಿನ ಪಲ್ಯವನ್ನು ಬೇರೆ ಬೋಗುಣಿಯಲ್ಲಿ ಮಾಡಿಕೊಂಡು, ಆ ಎಣ್ಣೆಯನ್ನು ಒಬ್ಬಳೇ ತಿಂದು ತೀರಿಸುತ್ತಿದ್ದಳು. ನಾನು ಅಪ್ಪನ ತುತ್ತು ಎಣಿಸುತ್ತ ಅದೇ ಮನೆಯಲ್ಲಿದ್ದೆ.

"ಈಗ ಬಂದೀರಲ್ಲ, ಹೊತ್ತು ಮೀರಿಲ್ಲ," ಎಂದರು ವೈದ್ಯೆ. ಆ ಮಾತನ್ನು ಹಿಡಿದುಕೊಂಡೇ ನಾನು ಬಸ್ಸಿನಲ್ಲಿ ಕೂತೆ. ಅವ್ವ ಚೀಲದಿಂದ ಕಾಯಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದಳು. ಹರಕೆ ಅರ್ಧಕ್ಕೆ ನಿಂತಿತೆಂದು ಅವಳಿಗೆ ಹೆದರಿಕೆ. ನನ್ನ ಹೆದರಿಕೆಯ ವಿಷಯ ಅವಳಿಗೆ ಹೇಗೆ ಹೇಳಲಿ?

ಮನೆಯಲ್ಲಿ ಎಲ್ಲವನ್ನೂ ಅಪ್ಪನಿಗೆ ಹೇಳಿದೆ. ಹೆಸರಿಲ್ಲದ ಟಿನ್ನು ಮಾರುವವರು, ಅದನ್ನು ತಡೆಯಬೇಕಾದವರು, ಕೇಳದೆ ಕೊಳ್ಳುವವರು: ಎಲ್ಲರ ಪಟ್ಟಿ ನನ್ನ ನಾಲಿಗೆಯ ತುದಿಯಲ್ಲಿತ್ತು. ಅಪ್ಪ ಕೈಯೆತ್ತಿ ತಡೆದ.

"ಕ್ಯಾನು ಕಳಿಸಿದಾಂವ ನಾ," ಎಂದ. "ಮಂದಿಗೆ ವಿಷ ಅಂತ ಗೊತ್ತಿತ್ತು ನನಗ. ಮನ್ಯಾವ್ರಿಗೆ ನಡೀತೈತಿ ಅಂತ ಯಾರು ಹೇಳಿದ್ರು? ಯಾರೂ ಹೇಳಿಲ್ಲ. ನಾನಽ ಅಂದ್ಕೊಂಡೆ."

ಅವನು ಆಣೆ ಹಾಕಿಕೊಂಡು ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವನು ಗೋಡೆ ನೋಡುತ್ತ ಹಾಗೆಯೇ ಕೂತಿದ್ದ. ಒಂದು ಕೈ ಎದೆಯ ಎಡಕ್ಕೆ ಹೋಗಿ ನಿಂತಿತ್ತು. ನನ್ನ ಪಟ್ಟಿಯನ್ನು ನಾನು ನುಂಗಿಕೊಂಡೆ. ಮರುದಿನ ಅದನ್ನು ಕಾಗದದ ಮೇಲಿಳಿಸಿ, ಬಿಡಿ ಎಣ್ಣೆಯ ಪ್ರತಿ ಟಿನ್ನಿನ ಮೇಲೂ ಅದೇನೆಂದು ಬರೆದಿರಬೇಕೆಂದು ಕೇಳಿ ಜಿಲ್ಲೆಯ ಸಂಬಂಧಪಟ್ಟ ಕಚೇರಿಗೆ ಕೊಟ್ಟು ಬಂದೆ. ಉತ್ತರ ಬಂದಿಲ್ಲ, ನಾನು ಪ್ರತಿ ತಿಂಗಳು ಹೋಗಿ ಕೇಳುವುದನ್ನು ಬಿಟ್ಟಿಲ್ಲ. ಆದರೆ ಆ ದೂರಿನ ಮೊದಲ ಸಾಲು ಹೀಗಿದೆ: ಈ ಎಣ್ಣೆಯನ್ನು ಶಾಲೆಗೆ ಹೋಗುವ ವಯಸ್ಸಿನಿಂದ ನಮ್ಮ ಮನೆಗೆ ಹೊತ್ತು ತಂದವಳು ನಾನು. ಲೆಕ್ಕ ಕೇಳುವವರು ತಮ್ಮದನ್ನು ಮೊದಲು ಒಪ್ಪಿಸಬೇಕು.

ಅಂಗಡಿ ಮತ್ತೆ ತೆರೆದದ್ದು ಮಳೆಗಾಲ ಮುಗಿದ ಮೇಲೆ. ಅಜ್ಜನ ಕಾಲದ ದೊಡ್ಡ ಕಡಾಯಿಯನ್ನು ಅಪ್ಪ ಅಟ್ಟಕ್ಕೆ ಹಾಕಿಸಿ, ಅದರ ಮೂರರಲ್ಲೊಂದು ಪಾಲಿನಷ್ಟಿರುವ ಹೊಸದೊಂದನ್ನು ತಂದ. ಒಂದು ಸಲಕ್ಕೆ ಐದೇ ಮಿರ್ಚಿ, ಗಿರಾಕಿ ಕಾಯಬೇಕು. ಎಣ್ಣೆ ಶೇಂಗಾದ್ದು, ಬೆಳಿಗ್ಗೆ ಅಳೆದು ಹಾಕಿದ್ದು, ಅಂದಂದೇ ಮುಗಿಯುವಷ್ಟು. ಹುರಿದ ಶೇಂಗಾ, ಬೇಯಿಸಿದ ಹೆಸರುಕಾಳು ಕಲಸಿದ ಚುರಮುರಿ ಒಂದು ಕಡೆ. ಅದೇ ನೇಕಾರ ಬಂದ.

"ಏನ್ ಕಾಕಾ, ಮಿರ್ಚಿಗೆ ಪಾಳಿ ಹಚ್ಚಿಸಿದಿ? ಕಡಾಯಿ ಮರಿ ಹಾಕಿತೇನು?"

"ಪಾಳ್ಯಾಗ ನಿಂತು ಚುರಮುರಿ ತಿನ್ನು. ಹೊಟ್ಟಿ ತುಂಬಿದ್ರ ಮಿರ್ಚಿ ಒಂದಽ ಸಾಕಾಗ್ತೈತಿ," ಎಂದ ಅಪ್ಪ, ನಿಂತುಕೊಂಡೇ.

ಆ ದಿನ ಅಳತೆ ತಪ್ಪಿತ್ತು. ಸಂಜೆ ಒಲೆ ಆರಿಸಿದಾಗ ತಳದಲ್ಲಿ ಎರಡು ಸೌಟಿನಷ್ಟು ಎಣ್ಣೆ ಉಳಿದಿತ್ತು. ಅಪ್ಪ ಅಭ್ಯಾಸದಂತೆ ಧೋತರದ ತುಂಡಿಗೆ ಕೈಹಾಕಿದ. ಅವನು ಬಟ್ಟೆಯನ್ನು ಒಮ್ಮೆ ನೋಡಿ, ಮಡಿಚಿ, ಕಟ್ಟೆಯ ಮೇಲಿಟ್ಟ. ಸೋಸದೆಯೇ ಎಣ್ಣೆಯನ್ನು ಹಳೆಯ ಕ್ಯಾನಿಗೆ ಸುರಿದು ನನ್ನ ಕಡೆ ಚಾಚಿದ.

"ಚೆಲ್ಲಾಕ ನನ್ನ ಕೈ ಬರಾಂಗಿಲ್ಲ. ನೀ ಒಯ್ಯಿ. ಎಲ್ಲಿಗರ ಒಯ್ಯಿ, ಮನಿಗಿ ಬ್ಯಾಡ."

ಓಣಿಯ ಕೊನೆಯ ಬಡಗಿಯ ಅಂಗಳದಲ್ಲಿ ಮರದ ಹೊಟ್ಟಿನ ರಾಶಿಯಿತ್ತು. ಎಣ್ಣೆಯನ್ನು ಅದರಲ್ಲಿ ಬೆರೆಸಿ, ಉಂಡೆಯಾಗುವವರೆಗೆ ಕಲಸಿ, ಹೊಂಡ ತೋಡಿ ಮುಚ್ಚಿದೆ. ಅದರ ಮೇಲೆ ಇನ್ನೊಂದು ಬುಟ್ಟಿ ಮಣ್ಣು ಸುರಿದೆ; ಶನಿಗೆ ಹೆದರಿಯೋ, ಇಷ್ಟು ವರ್ಷ ಹೆದರದೆ ಇದ್ದುದಕ್ಕೋ ಹೇಳಲಾರೆ. ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕ್ಯಾನು ತೆಗೆದುಕೊಂಡಳು, ಮುಚ್ಚಳ ತೆಗೆದು ಒಳಗೆ ಇಣುಕಿದಳು, ಬೋರಲು ಹಿಡಿದು ಅಲುಗಾಡಿಸಿದಳು. ಒಂದು ಹನಿಯೂ ಬೀಳಲಿಲ್ಲ. ಆ ಖಾಲಿ ಕ್ಯಾನನ್ನು ಬಾಗಿಲ ಹೊರಗೇ ಬೋರಲು ಇಟ್ಟಳು. ಆಮೇಲೆ ಒಳಗೆ ಹೋಗಿ ಮೂರು ತಟ್ಟೆಗಳಿಗೆ ಒಂದೇ ಬೋಗುಣಿಯಿಂದ ಪಲ್ಯ ಬಡಿಸಿದಳು.

ಅವಳು ಮೊದಲ ತುತ್ತು ನುಂಗುವವರೆಗೆ ನಾನು ನನ್ನ ತಟ್ಟೆ ಮುಟ್ಟಲಿಲ್ಲ.